ನಮ್ಮ ಮೈದಾನಕ್ಕೆ ಹದಿಮೂರು ಓವರ್ ಯಾಕೆ ಬಂತು

ಹೋದ ಆಯತವಾರ ನಮ್ಮೂರ ಮೈದಾನದಲ್ಲಿ ಸಾಲಿ ಹುಡುಗರ ಮ್ಯಾಚ್ ಇತ್ತು. ಕಡೇ ಓವರ್ ಹಾಕಿದಾಕೆ ನನ್ನ ಮೊಮ್ಮಗಳು. ನಮ್ಮ ಮನೆಯಲ್ಲಿದ್ದೇ ಸಾಲಿ ಕಲಿಯುತ್ತಾಳೆ, ಏಳನೇ ಇಯತ್ತೆ. ಹನ್ನೊಂದು ಮಂದಿಯಲ್ಲಿ ಅವಳೊಬ್ಬಳೇ ಹುಡುಗಿ. ಆರು ಚೆಂಡಿನಲ್ಲಿ ಎರಡು ಸಲ ಸ್ಟಂಪಿನ ಕೋಲು ಕಿತ್ತಳು. ಅವತ್ತಿನಿಂದ ನಾನು ನೆಲದ ಮೇಲಿಲ್ಲ. ರೊಟ್ಟಿ ತಿಂದೆನೋ ಇಲ್ಲೋ ನೆನಪಿಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಿದ್ದೇನೆ. ಮೊನ್ನೆ ಶೇಡಬಾಳ ಸ್ಟೇಶನ್ನಿನಲ್ಲಿ ಗುರುತಿಲ್ಲದ ಒಬ್ಬ ಮನುಷ್ಯನಿಗೂ ಹೇಳಿದೆ. ಅವನು ಮಿರಜದ ಕಡೆಯವನು, ಕನ್ನಡ ತಿಳಿಯಲಿಲ್ಲ. ಮರಾಠಿಯಲ್ಲಿ ಇನ್ನೊಮ್ಮೆ ಮೊದಲಿಂದ ಹೇಳಿದೆ.

ಇಷ್ಟು ಸಂತೋಷದ ನಡುವೆ ನನ್ನ ತಲೆ ಕೆಡಿಸಿದವನು ಮೈಕಿನ ಹುಡುಗ. ನಮ್ಮ ಮೈದಾನದಲ್ಲಿ ಯಾವಾಗಲೂ ಹದಿಮೂರು ಓವರಿನ ಮ್ಯಾಚು. ಸುತ್ತ ಅಥಣಿ, ರಾಯಬಾಗ, ನಿಪ್ಪಾಣಿ, ಎಲ್ಲೂ ಈ ಲೆಕ್ಕ ಇಲ್ಲ. ಅದು ಯಾಕೆ ಅಂತ ಆ ಹುಡುಗ ಮೈಕಿನಲ್ಲಿ ಹೇಳಿದ: ಮೊದಲು ಈ ಕ್ಲಬ್ಬಿನಲ್ಲಿ ಹದಿಮೂರು ಮಂದಿ ಇದ್ದರಂತೆ, ತಲೆಗೊಂದು ಓವರ್. ಆಮೇಲೆ ಅಂದ, ಆಟ ಸಣ್ಣದು ಮಾಡಿದರೆ ಹೊಸ ಜನ ಬರ್ತಾರೆ, ಮನೆಮಂದಿಯೆಲ್ಲ ಬರ್ತಾರೆ, ಇದು ಈಗಿನ ಕಾಲದ ಹೊಸ ವಿಚಾರ. ಹೊಸ ವಿಚಾರವಂತೆ. ನಾನು ಮೈಕಿನ ಹತ್ತಿರ ಹೋದೆ. ಅಜ್ಜಾರ, ವೈರ್ ತುಳೀಬ್ಯಾಡ್ರಿ ಅಂದ, ನನ್ನ ಮಾತು ಕೇಳಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಮಾತು ತಿದ್ದಬೇಡ ಅಂತ ಹೇಳಿದ್ದೇನೆ.

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಊರಿನ ದೊಡ್ಡ ರೈತರೊಬ್ಬರ ಹೊಲದಲ್ಲಿ ನಾನು ಆಳಾಗಿದ್ದೆ. ಅವರನ್ನು ಧಣಿ ಅಂತಲೇ ಕರೆಯುತ್ತೇನೆ. ಜೈನರು. ನಮ್ಮೂರಲ್ಲಿ ಅರ್ಧ ಮನೆ ಅವರವೇ. ಧಣಿಯ ನಾಲ್ಕು ಎಕರೆ ಪಟ್ಟಿಯೊಂದು ಸವಳು ಹಿಡಿದು, ಉಪ್ಪು ಮೇಲೆದ್ದು ಬಿಳುಪಾಗಿ ಬಿದ್ದಿತ್ತು. ಕಬ್ಬು ಹಚ್ಚಿದರೆ ಮೊಳಕೆಯಲ್ಲೇ ಸಾಯುತ್ತಿತ್ತು. ಅದಕ್ಕೇ ಹುಡುಗರು ಅಲ್ಲಿ ಆಡಿದರೆ ಧಣಿ ಸುಮ್ಮನಿದ್ದರು. ಅದಕ್ಕೂ ಹತ್ತು ವರ್ಷ ಮುಂಚೆಯೇ ಸಾಲಿಯ ಪಿ.ಟಿ. ಮಾಸ್ತರು ಮಿರಜದಿಂದ ಹಳೆಯ ತೆಂಗಿನ ನಾರಿನ ಮ್ಯಾಟ್ ತಂದರು. ಎತ್ತು ನನ್ನ ಕೈಯಲ್ಲಿ, ಉರುಳುಗಲ್ಲು ನನ್ನ ಕೈಯಲ್ಲಿ, ಹಂಗಾಗಿ ಪಿಚ್ ಮಾಡೋ ಕೆಲಸ ನನ್ನ ಕೊರಳಿಗೆ ಬಿತ್ತು.

ಆ ಕೆಲಸ ಸಣ್ಣದು ಅಂದುಕೊಳ್ಳಬೇಡಿ. ಕರಿ ಮಣ್ಣನ್ನು ಮೊಳದ ಆಳ ತೆಗೆದು ಗರಸು ತುಂಬಬೇಕು. ನೀರು ಹೊಡೆದು ಎತ್ತು ಕಟ್ಟಿ ಕಲ್ಲು ಉರುಳಿಸಬೇಕು. ಎತ್ತು ನಡುವೆ ನಿಂತರೆ ಗೊರಸು ಊರುತ್ತದೆ, ಸಗಣಿ ಹಾಕಿದರೆ ಅಷ್ಟು ಜಾಗ ಕಿತ್ತು ಮತ್ತೆ ತುಂಬಬೇಕು. ಆಮೇಲೆ ಮ್ಯಾಟ್. ಬಡಗಣ ತುದಿಗೆ ಕಮ್ಮಾರನ ಹತ್ತಿರ ಮಾಡಿಸಿದ ಆರು ಮೊಳೆ ಹೊಡೆದು, ತೆಂಕಣ ತುದಿಯಿಂದ ಕಬ್ಬಿಣದ ಹಾರಿ ಹಾಕಿ ನಾಲ್ಕು ಮಂದಿ ಜಗ್ಗಬೇಕು. ಬೆರಳು ಹೊಗಿಸಿದರೆ ಮ್ಯಾಟಿನ ಅಡಿ ಹೋಗಬಾರದು, ಅಷ್ಟು ಬಿಗಿ. ಸಡಿಲಾದರೆ ಚೆಂಡು ಅಲ್ಲೇ ಕೂತು ಬಿಡುತ್ತದೆ. ಹಾಸಲು ಒಂದು ತಾಸು, ಕೀಳಲು ಕಾಲು ತಾಸು. ಹಾಸಿದ್ದು ಹಾಗೇ ಬಿಟ್ಟರೆ ಸವಳಿನ ಉಪ್ಪು ಏರಿ ನಾರು ಕೊಳೆಯುತ್ತದೆ.

ನಾನು ಹೇಳಹೊರಟ ವರ್ಷ ಧಣಿ ಹೊಲದಲ್ಲಿ ಬಸಿಗಾಲುವೆ ತೋಡಿಸಿದರು. ಎರಡು ಮಳೆಗೆ ಉಪ್ಪು ತೊಳೆದು ಹೋಗಿ ಮಣ್ಣು ಕಪ್ಪಾಯಿತು. ಕಪ್ಪಾಗಿದ್ದೇ ನಮಗೆ ಮುಳುವಾಯಿತು. ದೀಪಾವಳಿ ಮುಗಿಸಿ ಧಣಿ ಬಂದು ಮಣ್ಣು ಹಿಡಿದು ನೋಡಿ, ಮುಂದಿನ ಹಂಗಾಮಿಗೆ ಇಲ್ಲಿ ಕಬ್ಬು ಅಂದರು. ಮಾಸ್ತರು ಕೈಮುಗಿದರು. ಇದು ಊರಿನ ಆಟ, ಊರಿನ ಮೈದಾನ ಅಂತ ಏನೇನೋ ಹೇಳಿದರು. ಧಣಿ ಕೇಳಿಸಿಕೊಂಡು ಹೇಳಿದ್ದು ನನಗೆ ಈಗಲೂ ಬಾಯಿಪಾಠ.

"ಈ ಆಟ ಯಾರದ್ರಿ ಮಾಸ್ತರ? ಮೂವತ್ತು ಹುಡುಗರದು. ಊರಿಂದು ಅಂತೀರಿ, ಯಾರ ಮನಿ ಹೆಣ್ಮಕ್ಕಳು ಬಂದಾರ ನೋಡಾಕ? ನಮ್ಮ ಮನ್ಯಾವರ ಬಂದಿಲ್ಲ. ಯುಗಾದಿ ತನಕ ನೋಡ್ತೀನಿ. ಮನಿಮಂದಿ ಬರಾಕತ್ರ ಮೈದಾನ, ಇಲ್ಲಾಂದ್ರ ಕಬ್ಬು."

ಕಬ್ಬು ಹಚ್ಚುವ ಆಳು ಯಾರು? ನಾನೇ. ಹತ್ತು ವರ್ಷ ನಾನೇ ಉರುಳಿಸಿದ ನೆಲವನ್ನು ನಾನೇ ನೇಗಿಲು ಹೂಡಿ ಸೀಳಬೇಕು. ಅವತ್ತು ಮನೆಗೆ ಹೋಗಿ ಮೂಲೆಯ ನೇಗಿಲು ನೋಡುತ್ತ ಕೂತೆ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಪ್ಪ ಯಾಕ ಹಿಂಗ ಕುಂತಾನ ಅಂತ ಕೇಳಿದಳಂತೆ. ಯಾರದೋ ಆಟ ನಿಂತು ಹೊಂಟೈತಿ ಅಂತ ಹೇಣ್ತಿ ಹೇಳಿದಳಂತೆ. ಅವಳಿಗೆ ಅದು ಅಷ್ಟೇ.

ಮಾಸ್ತರು ಮೂವತ್ತೈದು ಓವರಿನ ಮನುಷ್ಯ. ಅದಕ್ಕಿಂತ ಕಡಿಮೆ ಆಡಿದರೆ ಆಟಕ್ಕೆ ಅವಮಾನ ಅನ್ನುವವರು. ಅವರು ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಕರೆದರು. ಪಡುವಣ ಬದುವಿನ ಹುಣಸೆ ಮರದ ಕೆಳಗೆ ತಾಡಪತ್ರಿ ಹಾಸಿಸಿದರು. ಹತ್ತು ಗಂಟೆಗೆ ಆಟ ಸುರುವಾಯಿತು. ಊಟಕ್ಕೆ ಬಿಟ್ಟರು, ಚಹಾಕ್ಕೆ ಬಿಟ್ಟರು. ಹೆಣ್ಣುಮಕ್ಕಳು ಮನೆಗೆಲಸ ಮುಗಿಸಿ ಎರಡೂವರೆಗೆ ಬಂದರು, ಹದಿನೈದು ಇಪ್ಪತ್ತು ಮಂದಿ. ನಮ್ಮ ಎದೆ ಉಬ್ಬಿತು. ಐದು ಗಂಟೆಗೆ, ಆಟ ಈಗ ಬಿಸಿಯಾಯಿತು ಅನ್ನುವ ಹೊತ್ತಿಗೆ, ಎಲ್ಲರೂ ಒಮ್ಮೆಲೆ ಎದ್ದರು. ಎದ್ದು ಬದು ಸುತ್ತಿ ಹೋಗಲಿಲ್ಲ. ಊರಿಗೆ ಅದೇ ಹತ್ತಿರ ಅಂತ ಮೈದಾನದ ನಡುವೆಯೇ ಹಾದು ಹೋದರು. ಓಡಿ ಬರುತ್ತಿದ್ದ ಬೌಲರ್ ಅರ್ಧಕ್ಕೆ ನಿಂತ. ಮಾಸ್ತರು ಅಂಪೈರ್ ಕೋಟಿನಲ್ಲಿ ಎರಡೂ ಕೈ ಚಾಚಿ ನಿಂತರು, ಅವರನ್ನೂ ಸುತ್ತಿಕೊಂಡು ಹೋದರು.

ತಪ್ಪು ಅವರದಲ್ಲ, ನಮ್ಮದು. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕೋದಿಲ್ಲ. ಹೊತ್ತಿರುವಾಗಲೇ ಅಡಿಗೆ ಆಗಬೇಕು, ಊಟ ಮುಗಿದು ತಾಟು ತೊಳೆದಿಡಬೇಕು. ಐದಕ್ಕೆ ಎದ್ದರೆ ಮಾತ್ರ ಅದು ಆಗೋದು. ಹುಟ್ಟಿದಾಗಿನಿಂದ ಅದೇ ಊರಲ್ಲಿ ಇದ್ದೇವೆ, ಹೊತ್ತು ಇಳಿಯುವಾಗ ಓಣಿಯಲ್ಲಿ ತಾಟಿನ ಸಪ್ಪಳ ದಿನಾ ಕೇಳಿದ್ದೇವೆ. ಆದರೂ ಕ್ರಿಕೆಟ್ ಅಂದ ಕೂಡಲೇ ಅದು ನಮ್ಮ ಒಬ್ಬರ ತಲೆಗೂ ಬರಲಿಲ್ಲ. ಧಣಿ ಆರಕ್ಕೆ ಬಂದು ಖಾಲಿ ತಾಡಪತ್ರಿ ನೋಡಿ ಹೋದರು.

ಮುಂದಿನ ಸಲ ಮಾಸ್ತರು ಮುಂಜಾನೆ ಏಳಕ್ಕೆ ಇಟ್ಟರು. ಏಳಕ್ಕೆ ಯಾವ ಹೆಣ್ಣುಮಗಳು ಮನೆ ಬಿಡುತ್ತಾಳೆ? ಎಮ್ಮೆ ಹಿಂಡಬೇಕು, ಬಸದಿಗೆ ಹೋಗಿ ಬರಬೇಕು, ಹೊಲಕ್ಕೆ ಬುತ್ತಿ ಕಟ್ಟಬೇಕು. ಒಬ್ಬರೂ ಬರಲಿಲ್ಲ. ಮೇಲಾಗಿ ಇಬ್ಬನಿಗೆ ಮ್ಯಾಟ್ ತೊಯ್ದು ಚೆಂಡು ಹಾವಿನ ಹಾಗೆ ಜಾರಿತು. ನಮ್ಮ ಕ್ಯಾಪ್ಟನ್ ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಭಾರೀ ಸೊಕ್ಕಿನ ಆಟಗಾರ. ಅವನ ಮೊಣಕಾಲಿಗೆ ಬಡಿದು ಎರಡು ವಾರ ಕುಂಟಿದ. ಕುಂಟುತ್ತಲೇ ನನಗೆ ಬೈದ.

ಮ್ಯಾಟ್ ತಿರುಗಿಸಿ ನೋಡಿದರೆ ಚೆಂಡು ಪುಟಿಯುವ ಜಾಗದಲ್ಲೇ ಕೊಳೆತು ತೂತಾಗಿತ್ತು. ಹೊಸದು ತರುವ ಮಾತೇ ಇಲ್ಲ. ಗೋಣಿತಟ್ಟು ತಂದು, ದಬ್ಬಣ ಹಿಡಿದು ಹೊಲಿದುಕೊಡು ಅಂತ ಹೇಣ್ತಿಗೆ ಅಂದೆ. ಬೈದುಕೊಳ್ಳುತ್ತಲೇ ಹೊಲಿದಳು. ಆದರೆ ಕೆಲಸ ಅಂದರೆ ಆಕೆಗೆ ಕೆಲಸ. ಮುಂದಿನ ಆಯತವಾರ ಯಾರೂ ಕರೆಯದೆ ಮೈದಾನಕ್ಕೆ ಬಂದಳು. ಆಟ ನೋಡಲು ಅಲ್ಲ, ತಾನು ಹಾಕಿದ ಹೊಲಿಗೆ ನಿಂತದ್ದೋ ಬಿಚ್ಚಿದ್ದೋ ನೋಡಲು. ಚೆಂಡು ಆ ತೇಪೆಗೆ ಬಡಿದಾಗಲೆಲ್ಲ ಮುಂದಕ್ಕೆ ಬಾಗುತ್ತಿದ್ದಳು. ಒಂದು ಚೆಂಡು ತೇಪೆಯ ಅಂಚಿಗೆ ಬಿದ್ದು ಹೊರಳಿ ಕ್ಯಾಪ್ಟನ್ನಿನ ಕೋಲು ಉರುಳಿಸಿತು. ಅವನು ತೇಪೆಗೆ ಬೈದ. ಹೇಣ್ತಿ ಅಲ್ಲಿಂದಲೇ ಕೂಗಿ ಹೇಳಿದಳು, "ಹೊಲಿಗಿ ಗಟ್ಟಿ ಐತಪಾ, ನಿನ್ನ ಕಾಲು ನೆಟ್ಟಗಿಡು." ಆಮೇಲೆ ಅವನು ಔಟಾದದ್ದು ಹೇಗೆ, ಹಾಗಾದರೆ ಇನ್ನೊಬ್ಬ ಯಾಕೆ ಆಗಲಿಲ್ಲ ಅಂತ ಮನೆಯ ತನಕ ಕೇಳುತ್ತ ಬಂದಳು. ಹತ್ತು ವರ್ಷದಲ್ಲಿ ಮೊದಲ ಸಲ.

ಆ ಧೈರ್ಯದ ಮೇಲೆ ಕೇಳಿದೆ, ಮತ್ತೆ ಇಷ್ಟು ದಿನ ಯಾಕ ಬರಲಿಲ್ಲ? ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಅಂದಳು:

"ನಿಮ್ಮ ಆಟ ಎಷ್ಟಕ್ಕ ಮುಗೀತೈತಿ ಅಂತ ನಿಮಗರ ಗೊತ್ತೈತೇನ್ರಿ? ಸಿನಿಮಾ ಮೂರು ತಾಸು ಅಂತ ಗೊತ್ತಿರ್ತೈತಿ, ಹಿಟ್ಟು ನಾದಿಟ್ಟು ಹೋಗ್ತೀವಿ. ಮುಗಿಯೂದ ಗೊತ್ತಿಲ್ಲದ್ದಕ್ಕ ಹೆಣ್ಮಗಳು ಹೆಂಗ ಹೊಂಡಬೇಕು?"

ನನಗೆ ಸಿಟ್ಟು ಬಂತು. ಬಂದದ್ದು ಅವಳ ಮೇಲಲ್ಲ. ಎರಡು ತಿಂಗಳಿಂದ ನಾವು ಹೆಣ್ಣುಮಕ್ಕಳಿಗೆ ಆಟದ ರುಚಿ ಹತ್ತೋದಿಲ್ಲ ಅಂತ ಮಾತಾಡುತ್ತಿದ್ದೆವು. ರುಚಿಯ ಮಾತೇ ಅಲ್ಲ ಇದು, ಹೊತ್ತಿನ ಮಾತು.

ಮಾಸ್ತರರ ಕೈಗಡಿಯಾರ ಇಸಿದುಕೊಂಡು ಒಂದು ಮ್ಯಾಚ್ ಪೂರಾ ಅಳೆದೆ. ಎಲ್ಲರೂ ಚುರುಕಿದ್ದರೆ ಒಂದು ಓವರಿಗೆ ನಾಲ್ಕು ನಿಮಿಷ. ಕ್ಯಾಪ್ಟನ್ ಫೀಲ್ಡಿಂಗ್ ಹಚ್ಚಲು ನಿಂತರೆ ಏಳು. ಹೆಣ್ಣುಮಕ್ಕಳಿಗೆ ಬಿಡುವು ಎರಡರಿಂದ ಐದು. ಬೆರಳು ಮಡಿಚಿ ಲೆಕ್ಕ ಹಾಕಿದೆ: ಒಂದು ಕಡೆಗೆ ಹದಿನೈದು ಓವರ್, ನಡುವೆ ನೀರು ಕುಡಿಯುವಷ್ಟು ಬಿಡುವು. ಐದರೊಳಗೆ ಮುಗಿಯುತ್ತದೆ.

ಮಾಸ್ತರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಇದು ಕ್ರಿಕೆಟ್ಟೋ ಓಣಿ ಹುಡುಗರ ಚಿಣಿಪಣಿಯೋ ಅಂದರು. ಕ್ಯಾಪ್ಟನ್ ನಕ್ಕ. ಅವನಿಗೆ ಕಣ್ಣು ಕೂಡಲಿಕ್ಕೇ ಹತ್ತು ಓವರ್ ಬೇಕಂತೆ, ಉಳಿದ ಐದರಲ್ಲಿ ಏನು ಮಾಡಲಿ ಅಂದ. ನಿಜ ಹೇಳುತ್ತೇನೆ, ನನಗೂ ಅದು ಸೇರಿರಲಿಲ್ಲ. ಒಂದು ತಾಸು ಬೆವರು ಸುರಿಸಿ ಹಾಸಿದ ಮ್ಯಾಟಿನ ಮೇಲೆ ಒಬ್ಬ ಸಾವಕಾಶ ನಿಂತು ಆಡೋದು ನೋಡೋದೇ ನನಗೆ ಕೂಲಿ. ಆದರೆ ನೇಗಿಲು ಕಣ್ಣಮುಂದೆ ಇತ್ತು. ಮೂರು ಸಲ ಹೇಳಿದೆ, ಮೂರು ಸಲವೂ ಕಮಿಟಿಯಲ್ಲಿ ನೋಡೋಣ ಅಂದರು. ಆ ಕಮಿಟಿ ಅಂದರೆ ಅವರಿಬ್ಬರೇ.

ನಾಲ್ಕನೇ ಸಲ ನಾನು ಕೇಳಲಿಲ್ಲ. ಆಯತವಾರ ಮುಂಜಾನೆ ಹತ್ತಕ್ಕೆ ಆಟಗಾರರು ಬಂದು ನೋಡಿದರೆ ಮ್ಯಾಟ್ ಸುತ್ತಿಯೇ ಇತ್ತು. ನಾನು ಅದರ ಮೇಲೆ ಕೂತಿದ್ದೆ.

"ನೆಲ ಹಸಿ ಐತ್ರಿ. ಒಂದಕ್ಕ ಹಾಸ್ತೀನಿ, ಎರಡಕ್ಕ ಸುರು ಮಾಡ್ರಿ. ಐದಕ್ಕ ಕೀಳ್ತೀನಿ. ಯಾರು ಆಡಾಕತ್ತಿದ್ರೂ ಕೀಳ್ತೀನಿ."

ಕ್ಯಾಪ್ಟನ್ ತಾನೇ ಹಾಸುತ್ತೇನೆ ಅಂತ ಹಾರಿ ಹಿಡಿದ. ಮೊಳೆ ನನ್ನ ಚೀಲದಲ್ಲಿದ್ದವು. ಮಾಸ್ತರು ಹದಿನೈದು ಓವರ್ ಅಂತ ಚೀಟಿಯಲ್ಲಿ ಬರೆದರು. ಆವತ್ತಿನಿಂದ ಮೂರು ವಾರ ಅವರು ನನ್ನ ಸಂಗಡ ಮಾತಾಡಲಿಲ್ಲ.

ಜನ ಬಂದರು. ಮೊದಲ ವಾರ ಹತ್ತು, ಆಮೇಲೆ ಮೂವತ್ತು, ಆಮೇಲೆ ಎಣಿಸೋದು ಬಿಟ್ಟೆ. ಬಂದದ್ದೇ ಹೊಸ ಕಾಟ ಸುರುವಾಯಿತು. ಹುಣಸೆ ಮರ ಪಡುವಣಕ್ಕಿತ್ತಲ್ಲ, ಹೊತ್ತು ಇಳಿದ ಹಾಗೆ ನೆರಳು ಮೂಡಣಕ್ಕೆ ಸರಿಯುತ್ತಿತ್ತು. ನೆರಳಿನ ಸಂಗಡ ಹೆಣ್ಣುಮಕ್ಕಳೂ ಸರಿಯುತ್ತಿದ್ದರು. ಎರಡಕ್ಕೆ ಗೆರೆಯ ಹೊರಗಿದ್ದವರು ನಾಲ್ಕಕ್ಕೆ ಗೆರೆ ದಾಟಿ ಒಳಗೆ ಕೂತಿರುತ್ತಿದ್ದರು. ನಾನು ಸುಣ್ಣದ ಬುಟ್ಟಿ ಹಿಡಿದು ಹೋಗಿ ಹಿಂದೆ ಸರೀರೆವ್ವಾ ಅಂದರೆ, ಬಿಸಲಾಗ ಕುಂಡರ್ಲೇನು, ನಿನ್ನ ಗೆರಿನ ಸರಸು ಅನ್ನುತ್ತಿದ್ದರು. ಕಡೆಗೆ ಗೆರೆಯನ್ನೇ ಸರಿಸಿದೆ. ಒಂದು ಮ್ಯಾಚಿನಲ್ಲಿ ಮೂರು ಸಲ ಗೆರೆ ಹೊಡೆದ ಮೈದಾನ ಇನ್ನೆಲ್ಲಾದರೂ ಇದೆಯೇನು?

ಶೇಂಗಾ ಸುಲಿಯಲು ತರುತ್ತಿದ್ದರು, ಗಾಳಿ ಬಂದರೆ ಸಿಪ್ಪೆಯೆಲ್ಲ ಮ್ಯಾಟಿನ ಮೇಲೆ. ಶ್ಯಾವಿಗೆ ಒಣಗಿಸಲು ಹೇಗೂ ಬಯಲು ಇದೆಯಲ್ಲ ಅಂತ ಸೀರೆ ಹಾಸಿದರು, ಹೋದ ಚೆಂಡು ಶ್ಯಾವಿಗೆಯಲ್ಲಿ ಹೂತುಹೋಯಿತು. ಅದು ನಾಲ್ಕೋ ಎರಡೋ ಅಂತ ಕಾಲು ತಾಸು ಜಗಳ. ಎದುರಿನವರು ಹೊಡೆದರೂ ಚಪ್ಪಾಳೆ, ನಮ್ಮವರು ಔಟಾದರೂ ಚಪ್ಪಾಳೆ.

ಎಲ್ಲಕ್ಕಿಂತ ಮೇಲು ನನ್ನ ಹೇಣ್ತಿ. ಆ ಹೊತ್ತಿಗೆ ಮಗಳಿಗೆ ಹೆಣ್ಣು ಹುಟ್ಟಿತ್ತು, ನನ್ನ ಮೊದಲ ಮೊಮ್ಮಗಳು, ಗುಂಡು ಗುಂಡಾಗಿ ಬೆಣ್ಣೆಮುದ್ದೆ. ನಾನು ಕೆಲಸದ ನಡುವೆ ದಿನಕ್ಕೆ ಆರು ಸಲ ಮನೆಗೆ ಓಡಿ ನೋಡಿ ಬರುತ್ತಿದ್ದೆ. ಎರಡು ತಿಂಗಳು ತುಂಬಿದ ಕೂಡಲೇ ಹೇಣ್ತಿ ಆ ಕೂಸನ್ನೂ ಮೈದಾನಕ್ಕೆ ತಂದಳು. ತಂದು, ಮಲಗಿಸಲು ಜೋಳಿಗೆ ಕಟ್ಟಿದ್ದು ಎಲ್ಲಿ? ಬೌಲರ್ ಹಿಂದೆ ನಾನು ನೆಟ್ಟ ಬಿಳೀ ಪರದೆಯ ಎರಡು ಗಳದ ನಡುವೆ. ಚೆಂಡು ಕಾಣಲಿ ಅಂತ ಇರುವ ಪರದೆಯ ಮುಂದೆ ಕೆಂಪು ಸೀರೆಯ ಜೋಳಿಗೆ ತೂಗುತ್ತಿದೆ. ಕ್ಯಾಪ್ಟನ್ ಬ್ಯಾಟ್ ಎತ್ತಿ ನಿಂತುಬಿಟ್ಟ. ನಾನು ಓಡಿದೆ. ಈಗ ಮಲಗೈತಿ, ಬಿಚ್ಚಿದ್ರ ಏಳ್ತೈತಿ, ನಿಮ್ಮ ಕ್ಯಾಪ್ಟನ್ನನ ಅತ್ಲಾಗ ನಿಂತು ಆಡಲಿ ಅಂದಳು. ನಾನು ಮೈದಾನ ನೋಡಿಕೊಳ್ಳುವವನು, ಬಿಚ್ಚಬೇಕಿತ್ತು. ಕೂಸಿನ ಮುಖ ನೋಡಿದೆ. ಬಿಚ್ಚಲಿಲ್ಲ. ಆ ಓವರ್ ಇನ್ನೊಂದು ತುದಿಯಿಂದ ಹಾಕಿರಿ ಅಂತ ಮಾಸ್ತರಿಗೆ ಕೈಮಾಡಿದೆ. ಮೂರು ವಾರದ ಮೇಲೆ ಅವರು ನನಗೆ ಆಡಿದ ಮೊದಲ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಧಣಿಯ ತಾಯಿ ಬಂದದ್ದು ಆಮೇಲೆ. ಊರೆಲ್ಲ ಆಯಿ ಅನ್ನುವುದು ಅವರಿಗೇ. ಎಂಬತ್ತರ ಹತ್ತಿರ, ಕೋಲು ಊರಿ ನಡೆಯುವವರು. ಮನೆ ಬಿಟ್ಟು ಹೊರಗೆ ನೀರು ಸಹ ಮುಟ್ಟುವವರಲ್ಲ. ಸೊಸೆಯರೆಲ್ಲ ಆಯತವಾರ ಎಲ್ಲಿ ಹೋಗುತ್ತಾರೆ ನೋಡೋಣ ಅಂತ ಬಂದವರು, ನನ್ನನ್ನು ಕರೆದು ಆಟ ತಿಳಿಸು ಅಂದರು. ಓಡೋದು, ಹೊಡೆಯೋದು ಅವರಿಗೆ ಹಿಡಿಸಲಿಲ್ಲ. ಆರು ಚೆಂಡಿಗೊಂದು ಓವರ್ ಅನ್ನೋದು ಹಿಡಿಸಿತು. ಆರು ಶೇಂಗಾ ಎಡಗೈಯಲ್ಲಿ ಹಿಡಿದು, ಚೆಂಡಿಗೊಂದರಂತೆ ಬಲಗೈಗೆ ಹಾಕುತ್ತ ಕೂತರು. ಎರಡನೇ ವಾರಕ್ಕೆ ಮಾಸ್ತರರ ತಪ್ಪು ಹಿಡಿದರು. ಮಾಸ್ತರ, ಇದು ಏಳನೇದು ಅಂದರು. ಮಾಸ್ತರು ಚೆಂಡಿನ ಲೆಕ್ಕಕ್ಕೆ ಕಿಸೆಯಲ್ಲಿ ಇಟ್ಟುಕೊಂಡ ಕಲ್ಲು ಎಣಿಸಿ ನೋಡಿ ತಲೆ ಬಗ್ಗಿಸಿದರು. ಆಮೇಲೆ ಬೌಲರುಗಳೂ ಓವರ್ ಮುಗಿಯಿತೋ ಅಂತ ಅಂಪೈರ್ ಕಡೆ ನೋಡೋದು ಬಿಟ್ಟು ಹುಣಸೆ ಮರದ ಕಡೆ ನೋಡಲು ಕಲಿತರು.

ಧಣಿ ಮಾತ್ರ ಬದುವಿನ ಮೇಲೆ ನಿಂತು ನೋಡಿ ಹೋಗುತ್ತಿದ್ದರು. ಕಬ್ಬಿನ ಬೀಜಕ್ಕೆ ಹೇಳಿಟ್ಟಾರ ಅಂತ ಸುದ್ದಿ ಇತ್ತು.

ಯುಗಾದಿಗೆ ಮುಂಚಿನ ಆಯತವಾರ ಫೈನಲ್. ಎದುರಿಗೆ ಚಿಕ್ಕೋಡಿಯವರು. ಎರಡಕ್ಕೆ ಬರಬೇಕಾದವರ ಟೆಂಪೋ ಹೊಳೆ ದಾಟುವ ಮುಂಚೆಯೇ ಪಂಕ್ಚರ್ ಆಗಿ ಮೂರಕ್ಕೆ ಬಂದರು. ಹತ್ತು ಓವರ್ ಮಾಡ್ರಿ ಅಂದೆ. ಫೈನಲ್ ಅಂದ್ರ ಫೈನಲ್, ಹದಿನೈದಕ್ಕೆ ಒಂದೂ ಕಡಿಮೆ ಇಲ್ಲ ಅಂದರು ಮಾಸ್ತರು. ಹದಿನೈದು ಓವರ್ ಅವರಿಗೆ ಯಾವಾಗ ಇಷ್ಟು ಪವಿತ್ರವಾಯಿತೋ ನನಗೆ ತಿಳಿಯಲಿಲ್ಲ.

ನಮ್ಮವರು ಮೊದಲು ಆಡಿದರು. ಕಣ್ಣು ಕೂಡಲು ಹತ್ತು ಓವರ್ ಬೇಡುತ್ತಿದ್ದ ಕ್ಯಾಪ್ಟನ್ ಎರಡನೇ ಚೆಂಡಿನಿಂದಲೇ ಬೀಸಿದ, ಮುಂದಿನ ಕಬ್ಬಿನ ಹೊಲಕ್ಕೆ ಒಂದು ಚೆಂಡು ಕಳೆದ. ಅದು ಸಿಗಲಿಲ್ಲ, ಇದ್ದ ಇನ್ನೊಂದೇ ಚೆಂಡಿನಲ್ಲಿ ಆಟ ನಡೆಯಿತು. ಚಿಕ್ಕೋಡಿಯವರ ಸರದಿಯಲ್ಲಿ ಎಂಟು ಓವರ್ ಆಗಿತ್ತು, ಹುಣಸೆಯ ನೆರಳು ಮ್ಯಾಟಿನ ಅಂಚು ಮುಟ್ಟಿತು. ಅದು ನನ್ನ ಗಡಿಯಾರ. ಐದು ಗಂಟೆ.

ಹೆಣ್ಣುಮಕ್ಕಳೆಲ್ಲ ನನ್ನ ಕಡೆ ನೋಡಿದರು. ಇಷ್ಟು ವಾರ ಅವರು ಬಂದದ್ದು ಆ ಒಂದು ಮಾತಿನ ಮೇಲೆ. ಹಾರಿ ಹಿಡಿದು ಮ್ಯಾಟಿನ ಹತ್ತಿರ ನಡೆದೆ. ಕ್ಯಾಪ್ಟನ್ ಅಡ್ಡ ನಿಂತ. ಕೈ ಮಾಡಿದ್ರ ನೋಡು ಅಂದ. ನಾನು ಮೊಳೆಗೆ ಹಾರಿ ಹಾಕಿದೆ. ಆಗ ಆಯಿ ಕರೆದರು.

"ಏ ತಮ್ಮಾ, ಎಷ್ಟು ಉಳದಾವೋ?"

"ಏಳು ಓವರ್ ಆಯಿ. ಅರ್ಧ ತಾಸು."

"ಅಡಗಿ ಮಾಡಾವರು ನಡೀರಿ. ನಾ ಉಣ್ಣಾಕಿ, ಅರ್ಧ ತಾಸು ಬಿಟ್ಟು ಬರ್ತೀನಿ. ನೀ ಹಾರಿ ತಗಿ."

ಅರ್ಧದಷ್ಟು ಮಂದಿ ಎದ್ದು ಬದು ಸುತ್ತಿ ಹೋದರು. ಅಷ್ಟಾದರೂ ಕಲಿಸಿದ್ದೆ. ನಾನು ಹಾರಿ ತೆಗೆದೆ. ನಾಲ್ಕು ಓವರ್ ಸರಾಗ ನಡೆದವು. ಆಮೇಲೆ ಚಿಕ್ಕೋಡಿಯ ಹುಡುಗನೊಬ್ಬ ಎತ್ತಿ ಬಾರಿಸಿದ್ದು ಅದೇ ಕಬ್ಬಿನ ಹೊಲಕ್ಕೆ ಬಿತ್ತು. ಆ ಹೊಲಕ್ಕೆ ಅವತ್ತೇ ನೀರು ಬಿಟ್ಟಿದ್ದರು. ಇಪ್ಪತ್ತೆರಡು ಮಂದಿ ಆಟಗಾರರು, ಮಾಸ್ತರು, ನಾನು, ಎಲ್ಲರೂ ಮೊಣಕಾಲು ಕೆಸರಿನಲ್ಲಿ ಕಬ್ಬು ಸೀಳುತ್ತ ಹುಡುಕಿದೆವು. ಗರಿ ಮುಖ ಕೊಯ್ಯಿತು. ಎರಡು ಹಳೆ ಚೆಂಡು ಸಿಕ್ಕವು, ಹೋದ ವರ್ಷದವು, ಕೊಳೆತು ಮೆತ್ತಗಾಗಿದ್ದವು. ಬೇಕಾದದ್ದು ಸಿಗೋದರೊಳಗೆ ಮುಕ್ಕಾಲು ತಾಸು ಹೋಯಿತು. ಹೊತ್ತು ಕೆಂಪಾಗುತ್ತಿತ್ತು.

ಹೊರಗೆ ಬಂದು ನೋಡಿದರೆ ಧಣಿ ಬಂಡಿ ಹೂಡಿಸಿಕೊಂಡು ಬಂದು ಹುಣಸೆಯ ಕೆಳಗೆ ನಿಂತಿದ್ದರು. ಆಯೀ ನಡಿ, ಹೊತ್ತು ಹೊಂಟೈತಿ ಅನ್ನುತ್ತಿದ್ದರು. ಆಯಿಯ ಎಡಗೈಯಲ್ಲಿ ಶೇಂಗಾ.

"ತಡಿ, ಮೂರ ಓವರ್."

ಧಣಿ ನನ್ನ ಕಡೆ ನೋಡಿದ ನೋಟಕ್ಕೆ ನನ್ನ ಕಾಲಿನ ಕೆಸರು ಒಣಗಿತು. ಎರಡು ಓವರ್ ಆದವು. ಧಣಿ ಮೂರು ಸಲ ಕರೆದರು, ಆಯಿ ಮೂರು ಸಲ ಕೈ ಅಡ್ಡ ಮಾಡಿದರು. ಕಡೇ ಓವರ್ ಕ್ಯಾಪ್ಟನ್ ಹಾಕಿದ. ಚಿಕ್ಕೋಡಿಗೆ ಮೂರು ರನ್ ಬೇಕು. ಮಾಸ್ತರು ಗಾಬರಿಯಲ್ಲಿದ್ದರು, ಒಂದು ಕಣ್ಣು ಧಣಿಯ ಮೇಲೆ, ಒಂದು ಕಣ್ಣು ಹೊತ್ತಿನ ಮೇಲೆ. ಆ ಮೂರು ರನ್ ಇನ್ನೂ ಬಾಕಿ ಇರುವಾಗಲೇ ಓವರ್ ಅಂತ ಕೂಗಿ ಕೋಲು ಕಿತ್ತರು. ನಮ್ಮ ಹುಡುಗರು ಕ್ಯಾಪ್ಟನ್ನನ್ನು ಹೆಗಲಿಗೇರಿಸಿದರು. ಡೊಳ್ಳಿನವನು ಸುರು ಮಾಡಿದ. ಕಪ್ ನಮ್ಮದು.

ಆಯಿ ಎಡಗೈ ತೆರೆದು ಮೇಲೆತ್ತಿ ಹಿಡಿದಿದ್ದರು.

"ಮಾಸ್ತರ, ಒಂದು ಐತಿ."

ಡೊಳ್ಳು ನಿಂತಿತು. ಮಾಸ್ತರು ಕಿಸೆಯ ಕಲ್ಲು ತೆಗೆದರು. ಎಣಿಸಿದರು. ಕ್ಯಾಪ್ಟನ್ ಹೆಗಲ ಮೇಲಿಂದಲೇ ಅಂದ, "ಆಯೀ, ನಮ್ಮೂರದು ಆಯೀ." ಆಯಿ ಅವನ ಕಡೆ ನೋಡಲಿಲ್ಲ. ಶೇಂಗಾ ಇದ್ದ ಕೈ ಇಳಿಸಲೂ ಇಲ್ಲ. ಮಾಸ್ತರು ಕೋಲು ಮತ್ತೆ ನೆಟ್ಟರು. ಕ್ಯಾಪ್ಟನ್ ಹೆಗಲಿನಿಂದ ಇಳಿದು, ಓಡಿ ಬಂದು, ನನ್ನ ಹೇಣ್ತಿಯ ತೇಪೆಯ ಮೇಲೆ ಸರಿಯಾಗಿ ಹಾಕಿದ. ಚೆಂಡು ಎಳ್ಳಷ್ಟೂ ಹೊರಳಲಿಲ್ಲ, ಅಷ್ಟು ಗಟ್ಟಿ ಹೊಲಿಗೆ. ಚಿಕ್ಕೋಡಿಯ ಹುಡುಗ ಬಾರಿಸಿದ. ಸರಿದ ಗೆರೆ ದಾಟಿ ಹೋಯಿತು, ನಾಲ್ಕು. ಹಳೇ ಗೆರೆಯಾಗಿದ್ದರೆ ಹಿಡಿಯಬಹುದಿತ್ತು.

ಆಯಿ ಆರನೇ ಶೇಂಗಾ ಬಲಗೈಗೆ ಹಾಕಿ ಎದ್ದರು. ಧಣಿ ಬಂಡಿ ಓಡಿಸಿದರು. ಬಂಡಿ ಊರ ಅಗಸಿ ಬಾಗಿಲು ಮುಟ್ಟೋದರೊಳಗೆ ಹೊತ್ತು ಮುಳುಗಿತು. ಆಯಿ ಅವತ್ತು ಉಣ್ಣಲಿಲ್ಲ, ನೀರೂ ಕುಡಿಯಲಿಲ್ಲ. ಎಂಬತ್ತರ ಜೀವ. ನಾನು ಮ್ಯಾಟ್ ಕೀಳುತ್ತ ಕಣ್ಣೀರು ಹಾಕಿದೆ. ಐದಕ್ಕೆ ಕೀಳುತ್ತೇನೆ ಅಂದ ಮನುಷ್ಯ ಕೀಳಲಿಲ್ಲ. ಮ್ಯಾಚ್ ಹೋಯಿತು, ಆಯಿಯ ಊಟ ಹೋಯಿತು, ಇನ್ನು ಮೈದಾನವೂ ಹೋದಂತೆಯೇ.

ಮರುದಿನ ಹೊತ್ತೇರುವ ಮುಂಚೆ ಧಣಿ ಕರೆಸಿದರು. ಅಂಗಳದಲ್ಲಿ ನಿಂತೆ. ಐದಕ್ಕ ಕೀಳ್ತೀನಿ ಅಂದಾಂವ ಯಾಕ ಕೀಳಲಿಲ್ಲ ಅಂತ ಸುರು ಮಾಡಿದವರು ನಿಲ್ಲಿಸಲಿಲ್ಲ. ಒಳಗಿನಿಂದ ಆಯಿ ಬಂದು ಕಟ್ಟೆಯ ಮೇಲೆ ಕೂತರು. ಆಗ ತಾನೇ ಹಾಲು ಕುಡಿದಿದ್ದರು, ತುಟಿಯ ಮೇಲೆ ಇನ್ನೂ ಇತ್ತು.

"ಅಂವಗ ಯಾಕ ಬೈತಿ? ಕೂತಾಕಿ ನಾನು. ಉಪಾಸ ನಂದು. ನಿನ್ನಿ ನನಗ ಹಸಿವಿನೂ ಆಗ್ಲಿಲ್ಲ."

ಆಯಿ ನನ್ನ ಕಡೆ ತಿರುಗಿದರು.

"ತಮ್ಮಾ, ಚೆಂಡು ಕಬ್ಬಿನಾಗ ಹೋಗೂದು ನೀ ಲೆಕ್ಕಕ್ಕ ಹಿಡದಿಲ್ಲ. ಎರಡು ಓವರ್ ತಗದ ಹಾಕು. ಇನ್ನೊಮ್ಮಿ ನಾ ಉಪಾಸ ಇರಾಂಗಿಲ್ಲ, ನಡುವ ಎದ್ದು ಬರಾಂಗೂ ಇಲ್ಲ."

ಧಣಿ ತಾಯಿಯನ್ನು ನೋಡಿದರು, ನನ್ನನ್ನು ನೋಡಿದರು. ಕಬ್ಬಿನ ಬೀಜ ಮೂಡಣ ಪಟ್ಟಿಗೆ ಇಳಿಸು ಅಂದರು. ಅಷ್ಟೇ ಅಂದದ್ದು. ಆ ಮೈದಾನಕ್ಕೆ ಇವತ್ತಿನ ತನಕ ನೇಗಿಲು ಬಿದ್ದಿಲ್ಲ.

ಹದಿನೈದರಲ್ಲಿ ಎರಡು ಕಳೆದರೆ ಹದಿಮೂರು. ಮೈಕಿನ ಹುಡುಗ, ಕೇಳಿಸಿತೇನಪ್ಪ? ಸಣ್ಣ ಆಟಕ್ಕೆ ಹೊಸ ಜನ ಬರ್ತಾರೋ ಇಲ್ಲೋ ಅಂದರೆ ಬರ್ತಾರೆ. ನಿನ್ನ ಸಿಕ್ಸರಿಗಲ್ಲ, ಯಾವಾಗ ಮನೆಗೆ ಹೋಗಬಹುದು ಅಂತ ಗೊತ್ತಿದ್ದರೆ ಬರ್ತಾರೆ. ಬಂದಮೇಲೆ ಎಬ್ಬಿಸೋದು ನಿನ್ನ ಕೈಲಿಲ್ಲ.

ಆಯಿ ತೀರಿಹೋಗಿ ನಾಲ್ಕು ವರ್ಷವಾಯಿತು. ಹೋದ ಆಯತವಾರ ಮೊಮ್ಮಗಳು ಹದಿಮೂರನೇ ಓವರ್ ಹಾಕಲು ಬಂದದ್ದು ಅವಳ ಜೋಳಿಗೆ ತೂಗಿದ ತುದಿಯಿಂದಲೇ. ಹುಣಸೆಯ ಕೆಳಗೆ ಹೇಣ್ತಿ ಕೂತಿದ್ದಳು, ನೆರಳಿನ ಸಂಗಡ ಗೆರೆ ದಾಟಿ ಒಳಗೆ ಬಂದಿದ್ದಳು. ಎಡಗೈಯಲ್ಲಿ ಆರು ಶೇಂಗಾ ಇದ್ದವು. ನಾನು ಗೆರೆ ಸರಿಸಿದೆ.